ನಲವತ್ತೊಂಬತ್ತು ದಿನ, ಹದಿನೇಳು ಗಂಟೆ

ಹನ್ನೊಂದು ವರ್ಷ ಆ ಡ್ರೈವರನ್ನು ಸಾಕಿ ಸಲಹಿದವನು ಸಿದ್ದಲಿಂಗೇಶ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್ಡಿನಲ್ಲಿ ನಂಜುಂಡಪ್ಪನವರ ಪುಟ್ಟ ಕಂಪನಿ ತಯಾರಿಸುತ್ತಿದ್ದದ್ದು ಒಂದೇ ವಸ್ತು: ಕಬ್ಬಿಣದ ತಗಡನ್ನು ಒತ್ತಿ ಕತ್ತರಿಸುವ ಪ್ರೆಸ್ ಯಂತ್ರಗಳಿಗೆ ಕಾವಲು ಪೆಟ್ಟಿಗೆ. ಯಂತ್ರದ ಬಾಯಿಗೆ ಅಡ್ಡಲಾಗಿ ಕಣ್ಣಿಗೆ ಕಾಣದ ಬೆಳಕಿನ ಗೆರೆಗಳಿರುತ್ತವೆ. ಕೆಲಸದವರ ಕೈ ಆ ಗೆರೆ ದಾಟಿದರೆ ಪ್ರೆಸ್ ನಿಂತಲ್ಲೇ ನಿಲ್ಲಬೇಕು. ಗೆರೆ ಕಡಿದ ಸುದ್ದಿಯನ್ನು ಪೆಟ್ಟಿಗೆಯೊಳಗಿನ ಆಪರೇಟಿಂಗ್ ಸಿಸ್ಟಮ್‌ಗೆ ಮುಟ್ಟಿಸುವ ಪ್ರೋಗ್ರಾಮೇ ಡ್ರೈವರ್. ಅದರ ಒಂದೊಂದು ಸಾಲೂ ಅವನ ಬೆರಳಿನಿಂದ ಬಂದದ್ದು. ಹೀಗಿರುವಾಗ, ಪೆಟ್ಟಿಗೆಯೊಳಗಿನ ಹಳೆಯ ಕಂಪ್ಯೂಟರ್ ಬೋರ್ಡು ಬಿಟ್ಟು ಹೊಸದಕ್ಕೆ ಹೋಗುವ ಹೊತ್ತಿನಲ್ಲಿ, ನಂಜುಂಡಪ್ಪನವರು ತಂಡಕ್ಕೆ ಮುಖ್ಯಸ್ಥೆಯಾಗಿ ಮಾಡಿದ್ದು ಎರಡು ವರ್ಷದ ಹಿಂದೆ ಸೇರಿದ ದಿವ್ಯಳನ್ನು.

“ಬೇಜಾರ್ ಮಾಡ್ಕೋಬೇಡಿ ಸಿದ್ದು. ಸೇಫ್ಟಿ ಸರ್ಟಿಫಿಕೇಟಿಗೆ ಅವಳೇ ಸೈನ್ ಮಾಡ್ಲಿ. ನೀವು ಆ ವಾರ್ನಿಂಗ್‌ಗಳ್ನೆಲ್ಲಾ ಕ್ಲೀನ್ ಮಾಡ್ಕೊಟ್ಬಿಡಿ, ಸಾಕು,” ಎಂದರು.

ವಾರ್ನಿಂಗ್‌ಗಳು ಆರುನೂರ ಹನ್ನೆರಡಿದ್ದವು. ಹಳೆಯ ಬೋರ್ಡು ಮೂವತ್ತೆರಡು ಬಿಟ್‌ನದು, ಹೊಸದು ಅರವತ್ತನಾಲ್ಕರದು. ಅಲ್ಲಿಗೆ ಬರೆದ ಕೋಡನ್ನು ಇಲ್ಲಿಗೆ ತಂದಾಗ, ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಸಾಲುಸಾಲಿಗೂ ತಕರಾರು ತೆಗೆಯುತ್ತಿತ್ತು. ಒಂದೊಂದನ್ನೇ ತೆರೆದು ಸರಿಮಾಡುವುದು ಹೊಸದಾಗಿ ಸೇರಿದವರಿಗೆ ಕೊಡುವ ಕೆಲಸ. ತಾನು ಕಟ್ಟಿದ ಮನೆಯ ಕಸ ಗುಡಿಸಲು ತನ್ನನ್ನೇ ನೇಮಿಸಿದ್ದಾರೆ ಅನ್ನಿಸಿತು ಸಿದ್ದಲಿಂಗೇಶನಿಗೆ. ಕುರ್ಚಿಯಲ್ಲಿ ಅರ್ಧ ಗಂಟೆ ಕೂರಲಾಗುತ್ತಿರಲಿಲ್ಲ. ಮೇಜಿನಡಿ ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ದಿನಕ್ಕೆ ಐದಾರು ಸಲ ಎದ್ದು ಮೂಲೆಯ ಅಂಗಡಿಗೆ ಹೋಗಿ ಚಹಾ ಕೊಂಡು, ಅರ್ಧ ಕುಡಿದು ಚೆಲ್ಲಿ ಬರುತ್ತಿದ್ದ.

ದಿವ್ಯ ಕೆಟ್ಟವಳಾಗಿದ್ದರೆ ಸುಲಭವಿತ್ತು. ಅವಳು ಮೂಡಲಪಾಳ್ಯದಿಂದ ಎಲ್ಲರಿಗಿಂತ ಮೊದಲು ಬರುತ್ತಿದ್ದಳು, ಅವನು ಒಳಗೆ ಬಂದರೆ ಎದ್ದು ನಿಲ್ಲುತ್ತಿದ್ದಳು. “ಒಂದು ವಾರ್ನಿಂಗೂ ಉಳೀಬಾರ್ದು ಸಾರ್. ನಿಮ್ಮ ಕೋಡಿನ ಬಗ್ಗೆ ಭಯ ಇಲ್ಲ ನಂಗೆ. ಆದ್ರೂ ಜನರ ಕೈ ಅಲ್ವಾ,” ಎನ್ನುತ್ತಿದ್ದಳು. ಅವಳು ಹಾಗೆ ಮರ್ಯಾದೆಯಿಂದ ಮಾತಾಡಿದಷ್ಟೂ ಅವನಿಗೆ ಮೈ ಉರಿಯುತ್ತಿತ್ತು.

ಐದುನೂರು ದಾಟಿದ ಮೇಲೆ ಒಂದು ಮಧ್ಯಾಹ್ನ ಆ ವಾರ್ನಿಂಗ್ ಕಣ್ಣಿಗೆ ಬಿತ್ತು. ಪೆಟ್ಟಿಗೆ ಚಾಲೂ ಆದಾಗಿನಿಂದ ಸಿಸ್ಟಮ್ ಸೆಕೆಂಡಿನ ಸಾವಿರದ ಒಂದೊಂದು ಭಾಗವನ್ನೂ ಎಣಿಸುತ್ತಾ ಹೋಗುತ್ತದೆ. ಬೆಳಕಿನ ಗೆರೆ ಕಡಿದರೆ ಡ್ರೈವರ್ ಆ ಕ್ಷಣದ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಈಗಿನ ಸಂಖ್ಯೆಯೊಂದಿಗೆ ಹೋಲಿಸಿ, ಈಗತಾನೇ ಕಡಿದಿದೆ ಎಂದಾದರೆ ಪ್ರೆಸ್ಸನ್ನು ನಿಲ್ಲಿಸುತ್ತದೆ. ಹೊಸ ಬೋರ್ಡಿನಲ್ಲಿ ಎಣಿಕೆಯ ಪಾತ್ರೆ ಬಿಂದಿಗೆಯಷ್ಟು ದೊಡ್ಡದು, ಬರೆದಿಡುವ ಜಾಗ ಮಾತ್ರ ಹಳೆಯ ಚೊಂಬಿನಷ್ಟೇ. ಚೆಲ್ಲೀತು ಎಂದು ಕಂಪೈಲರ್ ಹೇಳುತ್ತಿತ್ತು. ಸರಿಯಾದ ಮದ್ದು ಜಾಗವನ್ನು ಹಿಗ್ಗಿಸುವುದು. ಇನ್ನೊಂದು ದಾರಿಯೂ ಇತ್ತು: ಸಾಲಿನ ನಡುವೆ ಒಂದು ಪದ ಸೇರಿಸಿ, ‘ನನಗೆ ಗೊತ್ತು, ಸುಮ್ಮನಿರು’ ಎಂದು ಕಂಪೈಲರಿನ ಬಾಯಿ ಕಟ್ಟುವುದು. ಅದಕ್ಕೆ ಕಾಸ್ಟ್ ಹಾಕುವುದು ಎನ್ನುತ್ತಾರೆ. ಹಾಗೆ ಮಾಡಿದರೆ ಚೊಂಬು ತುಂಬುವವರೆಗೆ ಎಲ್ಲವೂ ಸರಿ. ತುಂಬಿದ ಮೇಲೆ ಎರಡು ಸಂಖ್ಯೆಗಳಿಗೂ ತಾಳ ತಪ್ಪಿ, ಗೆರೆ ಎಂದೋ ಕಡಿದದ್ದು, ಈಗೇನೂ ಇಲ್ಲ ಎಂದೇ ಡ್ರೈವರ್ ತಿಳಿಯುತ್ತದೆ. ಎಷ್ಟು ಕೈ ಅಡ್ಡ ಬಂದರೂ ಪ್ರೆಸ್ ನಿಲ್ಲುವುದಿಲ್ಲ.

ಚೊಂಬು ತುಂಬಲು ಎಷ್ಟು ಕಾಲ? ಚೀಟಿಯ ಮೇಲೆ ಪೆನ್ನಿನಲ್ಲಿ ಭಾಗಿಸಿದ. ನಲವತ್ತೊಂಬತ್ತು ದಿನ, ಹದಿನೇಳು ಗಂಟೆ, ಎರಡು ನಿಮಿಷ, ನಲವತ್ತೇಳು ಸೆಕೆಂಡು. ಚೀಟಿಯನ್ನು ಚೂರು ಮಾಡಿ ಚಹಾದ ಲೋಟದೊಳಗೆ ಹಾಕಿ ಬಂದ.

ಅವತ್ತೇ ಅವನು ರಾಜೀನಾಮೆ ಬರೆದದ್ದು. ನೋಟಿಸಿಗೆ ಒಂದು ತಿಂಗಳು. ಮೊದಲ ಪೆಟ್ಟಿಗೆ ಕೆಂಗೇರಿಯ ಒಂದು ಕಾರ್ಖಾನೆಗೆ ಹೋಗಬೇಕಿತ್ತು. ಬಾಗಿಲಿನ ಕೀಲುಗಳನ್ನು ತಯಾರಿಸುವ ಜಾಗ, ಮೂರು ಪಾಳಿ, ಯಂತ್ರಗಳಿಗೆ ಕರೆಂಟು ತೆಗೆಯುವುದು ಆಯುಧಪೂಜೆಗೆ ಮಾತ್ರ. ಸಂಕ್ರಾಂತಿ ಕಳೆದು ಪೆಟ್ಟಿಗೆ ಕೂರಿಸಿದರೆ ಮಾರ್ಚ್ ಎರಡನೇ ವಾರಕ್ಕೆ ದಿನ ತುಂಬುತ್ತದೆ. ಅಷ್ಟರಲ್ಲಿ ಅವನು ಬೇರೆ ಕಂಪನಿಯ ಕುರ್ಚಿಯಲ್ಲಿರುತ್ತಾನೆ. ಸರ್ಟಿಫಿಕೇಟಿನಲ್ಲಿ ದಿವ್ಯಳ ರುಜು ಇರುತ್ತದೆ.

ರುಜು ಒಂದೇ ಸಾಲದು ಎಂದು ಅವನಿಗೆ ಗೊತ್ತಿತ್ತು. ಆ ಸಾಲನ್ನು ಕೊನೆಯ ಕಂತಿಗೆ ಉಳಿಸಿಕೊಂಡು, ಪರೀಕ್ಷೆಯ ಪೆಟ್ಟಿಗೆಗೆ ತುಂಬಿದ ಪ್ರತಿಯಲ್ಲಿ ಮಾತ್ರ ಯಾರಿಗೂ ಹೇಳದೆ ಜಾಗವನ್ನು ಹಿಗ್ಗಿಸಿಟ್ಟ. ವಾರವಿಡೀ ಪೆಟ್ಟಿಗೆಯನ್ನು ಬಿಡದೆ ಓಡಿಸಿ ನೋಡುವ ಪರೀಕ್ಷೆ ಮುಗಿಯುವವರೆಗೆ ಕಾದ. ಆಮೇಲೆ, ಪೆಟ್ಟಿಗೆ ಹೊರಡುವ ಮುಂಚಿನ ಶನಿವಾರ, ನಲವತ್ತೊಂದು ಸಾಲುಗಳ ಪಟ್ಟಿ ಮಾಡಿ ದಿವ್ಯಳಿಗೆ ಮೇಲ್ ಹಾಕಿದ: ‘ಇವೆಲ್ಲ ಬರೀ ವಾರ್ನಿಂಗ್. ಇಲ್ಲೆಲ್ಲ ಕಾಸ್ಟ್ ಹಾಕಲೇ? ನೀವು ಹೇಳಿದ ಹಾಗೆ ಮಾಡುತ್ತೇನೆ.’ ನಲವತ್ತು ಸಾಲು ನಿಜಕ್ಕೂ ನಿರುಪದ್ರವಿ. ಮೂವತ್ತಮೂರನೆಯದು ಮಾತ್ರ ಅದು. ಪ್ಯಾಕಿಂಗ್ ಗಡಿಬಿಡಿಯಲ್ಲಿದ್ದ ದಿವ್ಯ ಹತ್ತು ನಿಮಿಷದಲ್ಲಿ ಉತ್ತರ ಕಳಿಸಿದಳು: ‘ಹೂಂ ಸಾರ್, ಹಾಕಿ. ಥ್ಯಾಂಕ್ಸ್.’ ನಾಳೆ ಯಾರು ಕೇಳಿದರೂ ಆ ಮೇಲ್ ಸಾಕು. ಅವನು ಅವಳು ಹೇಳಿದ್ದನ್ನು ಮಾಡಿದವನು, ಅಷ್ಟೆ.

ಬದಲಾದ ಕೋಡನ್ನು ಪೆಟ್ಟಿಗೆಗೆ ತುಂಬಿ ತಾನೇ ನೋಡಿದ. ಶೆಡ್ಡಿನಲ್ಲಿ ಪ್ರೆಸ್ ಇರಲಿಲ್ಲ, ಬರೀ ಬೆಳಕಿನ ಗೆರೆ ಮತ್ತು ಕೆಂಪು ಬಲ್ಬು. ಚಾಲೂ ಮಾಡಿ ಅಂಗೈ ಅಡ್ಡ ಹಿಡಿದ. ಬಲ್ಬು ಹತ್ತಿತು. ತೆಗೆದ. ಆರಿತು. ಎರಡೇ ನಿಮಿಷ. ಸ್ವಿಚ್ ಆರಿಸಿ ಪೆಟ್ಟಿಗೆಯ ಸುತ್ತ ಥರ್ಮೋಕೋಲ್ ತುಂಬಿಸಿದ.

ಒಂದು ಯೋಚನೆಯನ್ನು ಮಾತ್ರ ಅವನು ಪೂರ್ತಿ ಮಾಡುತ್ತಿರಲಿಲ್ಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಪೆಟ್ಟಿಗೆ ಚಾಲೂ ಮಾಡಿದರೆ, ಲೆಕ್ಕದ ಪ್ರಕಾರ ಕಾವಲು ಕುರುಡಾಗುವುದು ಬೆಳಗಿನ ಜಾವ ನಾಲ್ಕರ ಸುಮಾರಿಗೆ. ಆ ಪಾಳಿಯಲ್ಲಿ ಪ್ರೆಸ್ಸಿನ ಮುಂದೆ ಯಾರಿರುತ್ತಾರೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ಅವನು ಕುರ್ಚಿಯಿಂದ ಎದ್ದುಬಿಡುತ್ತಿದ್ದ. ಚಂದ್ರಾ ಲೇಔಟಿನ ಮನೆಯಲ್ಲೂ ಹಾಗೆಯೇ. ಊಟದ ನಡುವೆ ಎದ್ದು ಬಾಲ್ಕನಿಗೆ ಹೋಗಿ ನಿಂತರೆ ಹೆಂಡತಿ, “ಏನ್ರೀ ಇದು, ತಟ್ಟೆ ಮುಂದೆ ಐದ್ ನಿಮಿಷ ಕೂರಕ್ಕಾಗಲ್ವಾ ನಿಮ್ಗೆ?” ಎನ್ನುತ್ತಿದ್ದಳು. ಕೈಗೆ ಏನೂ ಆಗಲಿಕ್ಕಿಲ್ಲ, ಎಲ್ಲರೂ ಹುಷಾರಾಗಿಯೇ ಇರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಬಂದು ಕೂರುತ್ತಿದ್ದ.

ಸೋಮವಾರ ಬೆಳಿಗ್ಗೆ ಮೂವರೂ ನಂಜುಂಡಪ್ಪನವರ ಕಾರಿನಲ್ಲಿ ಹೊರಟರು. ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಟ್ರಾಫಿಕ್ ನಿಂತಾಗ ದಿವ್ಯ ಹಿಂದಿನ ಸೀಟಿನಿಂದ, “ನೀವು ಹೋಗ್ತಿರೋದು ನಂಗೆ ಸರಿ ಕಾಣ್ತಿಲ್ಲ ಸಾರ್. ಎಲ್ಲಾ ನಿಮ್ಮಿಂದ್ಲೇ ಕಲ್ತಿದ್ದು,” ಎಂದಳು. ಸಿದ್ದಲಿಂಗೇಶ ಕಿಟಕಿಯಾಚೆ ನೋಡುತ್ತಾ “ಇರ್ಲಿ ಬಿಡಮ್ಮ,” ಎಂದ. ಕಾಲು ಮಾತ್ರ ಕುಣಿಯುತ್ತಲೇ ಇತ್ತು.

ಕೆಂಗೇರಿಯಲ್ಲಿ ಪೆಟ್ಟಿಗೆಯನ್ನು ಪ್ರೆಸ್ಸಿಗೆ ಜೋಡಿಸಿ ಚಾಲೂ ಮಾಡಿದರು. ಪ್ರೆಸ್ಸಿನ ಪೆಡಲ್ ಬಳಿ ನಿಂತಿದ್ದವಳು ಲಿಂಗಮ್ಮ. ಐವತ್ತರ ಆಸುಪಾಸು, ಎಡಗೈಯ ಎರಡು ಬೆರಳ ತುದಿ ಹಳೆಯ ಯಂತ್ರಕ್ಕೆ ಹೋಗಿದ್ದವು. ಒಂದೆರಡು ನಿಮಿಷ ಸುಮ್ಮನೆ ತಗಡು ಒತ್ತಿ ನೋಡಿದ ಮೇಲೆ ದಿವ್ಯ ಮರದ ಕೋಲೊಂದನ್ನು ಯಂತ್ರದ ಬಾಯಿಗೆ ತೂರಿಸಿದಳು. ಪೆಡಲ್ ತುಳಿದರೂ ಪ್ರೆಸ್ ಗಕ್ಕನೆ ನಿಂತಿತು. ಕೋಲಿಗೆ ಒಂದು ಗೀರೂ ಬೀಳಲಿಲ್ಲ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ಲಿಂಗಮ್ಮ ತಟ್ಟಲಿಲ್ಲ. “ಕೋಲಿಗೆ ನಿಲ್ತೈತೆ ಸಾ. ಕೈಗೆ ನಿಲ್ತೈತಾ?” ಎಂದಳು.

“ಎರಡಕ್ಕೂ ಒಂದೇ ಅಮ್ಮ,” ಎಂದರು ನಂಜುಂಡಪ್ಪ.

“ಹಂಗೇ ಅಂದಿದ್ರು ಹಿಂದ್ಲೋರೂ.” ಅವಳು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ನಾನು ಇದ್ರ ಮುಂದೆ ಕೂರಕಿಲ್ಲ. ಬೇರೆ ಯಾರನ್ನಾದ್ರೂ ಕೂರಿಸ್ಕೊಳ್ಳಿ.”

ಸೂಪರ್‌ವೈಸರ್ ಗದರಲು ನೋಡಿದ. ದಿವ್ಯ ಅವನನ್ನು ತಡೆದು ಲಿಂಗಮ್ಮನ ಪಕ್ಕ ನಿಂತು, ಬೆಳಕಿನ ಗೆರೆ ಎಲ್ಲಿದೆ, ಹೇಗೆ ಕಡಿಯುತ್ತದೆ ಎಂದು ಬಿಡಿಸಿ ಹೇಳತೊಡಗಿದಳು. ಲಿಂಗಮ್ಮ ಕೇಳಿದಳು, ತಲೆಯಾಡಿಸಿದಳು, ಕೊನೆಗೆ ಮತ್ತೆ ಅದನ್ನೇ ಅಂದಳು: “ಕೂರಕಿಲ್ಲ ಕಣವ್ವ.”

ಸಿದ್ದಲಿಂಗೇಶನಿಗೆ ಆಗ ಹೊಳೆಯಿತು. ಮಾರ್ಚ್‌ನಲ್ಲಿ ವಿಚಾರಣೆ ಎಂದು ನಡೆದರೆ ಇಲ್ಲಿರುವ ಹದಿನೈದು ಜನರೂ ಒಂದೇ ಮಾತು ಹೇಳುತ್ತಾರೆ. ತನ್ನ ಕೋಡಿನಲ್ಲಿ ದೋಷವಿದೆ ಎಂದು ತಿಳಿದ ಯಾವ ಮನುಷ್ಯ ಅದರ ಕೆಳಗೆ ಸ್ವಂತ ಕೈ ಇಡುತ್ತಾನೆ? ಇಷ್ಟು ದಿನದ ಯೋಜನೆಯಲ್ಲಿ ಇದೊಂದು ಮೂಲೆ ಖಾಲಿ ಇತ್ತು, ಅದನ್ನು ಈ ಹೆಂಗಸೇ ತೋರಿಸಿಕೊಟ್ಟಳು. ಎಷ್ಟೋ ವಾರಗಳ ಮೇಲೆ ಅವನ ಮೈಯ ಚಡಪಡಿಕೆ ನಿಂತಿತು.

“ಬನ್ನಿ ಅಮ್ಮ, ನಾನು ಇಡ್ತೀನಿ,” ಎಂದು ಅಂಗಿಯ ಬಲತೋಳನ್ನು ಮೊಣಕೈವರೆಗೆ ಮಡಚಿದ.

“ಬೇಡ ಸಾರ್,” ದಿವ್ಯ ಮುಂದೆ ಬಂದಳು. “ರೂಲ್ಸ್ ಪ್ರಕಾರ ಕೈ ಇಡೋ ಹಾಗಿಲ್ಲ. ಇನ್ನೊಂದ್ಸಲ ಕೋಲಲ್ಲೇ ತೋರ್ಸೋಣ.”

“ಹನ್ನೊಂದು ವರ್ಷ ಬರ್ದಿದೀನಿ ದಿವ್ಯ. ನಂದೇ ಕೋಡ್ ಮೇಲೆ ನಂಗೆ ನಂಬಿಕೆ ಇಲ್ಲಾಂದ್ರೆ ಅವ್ರಿಗೆ ಹೇಗ್ ಬರುತ್ತೆ?” ಎಂದು ನಗುತ್ತಲೇ ಅವಳನ್ನು ಸರಿಸಿ, ಅಂಗೈಯನ್ನು ತಣ್ಣಗಿನ ಕಬ್ಬಿಣದ ಮೇಲೆ ಹರಡಿದ. “ತುಳೀರಿ ಅಮ್ಮ. ಹೆದರ್ಬೇಡಿ.” ಲಿಂಗಮ್ಮ ಅವನ ಮುಖವನ್ನೊಮ್ಮೆ ನೋಡಿದಳು. ಅಲ್ಲಿ ಭಯದ ಸುಳಿವೂ ಇರಲಿಲ್ಲ. ಅವಳು ಪೆಡಲಿನ ಮೇಲೆ ಕಾಲಿಟ್ಟಳು.

ಸಿದ್ದಲಿಂಗೇಶನ ಭಾಗಾಕಾರದಲ್ಲಿ ಒಂದು ಸೆಕೆಂಡಿನ ತಪ್ಪೂ ಇರಲಿಲ್ಲ. ಎಣಿಕೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಮಾತ್ರ ಅವನು ತೆರೆದು ನೋಡಿರಲಿಲ್ಲ. ಹಳೆಯ ಬೋರ್ಡಿನಲ್ಲಿ ಅದು ಸೊನ್ನೆಯಿಂದ ಹೊರಡುತ್ತಿತ್ತು, ಹನ್ನೊಂದು ವರ್ಷವೂ ಹಾಗೆಯೇ ಹೊರಟಿತ್ತು. ಹೊಸ ಆಪರೇಟಿಂಗ್ ಸಿಸ್ಟಮ್ ಕಟ್ಟಿದವರು ಬೇರೆ ಥರದ ಜನ. ಇಂಥ ತಪ್ಪು ವಾರಗಟ್ಟಲೆ ಅಡಗಿ ಕೂತು ಆಮೇಲೆ ಯಾರನ್ನೋ ಬಲಿ ತೆಗೆದುಕೊಳ್ಳುವುದು ಬೇಡ, ಬರೆದವನ ಕಣ್ಣೆದುರಲ್ಲೇ ಬಯಲಾಗಲಿ ಎಂದು, ಅವರು ಎಣಿಕೆಯನ್ನು ಬೇಕೆಂದೇ ಮೂವತ್ತೆರಡು ಬಿಟ್‌ನ ಆ ಚೊಂಬು ತುಂಬಲು ಸರಿಯಾಗಿ ಐದು ನಿಮಿಷ ಬಾಕಿ ಇರುವಲ್ಲಿಂದ ಶುರು ಮಾಡಿದ್ದರು. ಪೆಟ್ಟಿಗೆಗೆ ಕರೆಂಟು ಕೊಟ್ಟದ್ದು ಹನ್ನೊಂದು ಗಂಟೆಗೆ. ಲಿಂಗಮ್ಮ ಪೆಡಲ್ ತುಳಿದಾಗ ಕಾರ್ಖಾನೆಯ ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ ಏಳು ನಿಮಿಷ.