ಹೆಬ್ಬೆರಳಿನ ಲೆಕ್ಕ

ಫ್ಯಾಮಿಲಿ ಕ್ಯಾಬಿನ್ನಿನ ಪರದೆ ಸರಿಸಿದ ಶಹನಾ ಅಲ್ಲೇ ನಿಂತುಬಿಟ್ಟಳು. ಮೇಜಿನ ತುಂಬ ಇಸ್ಪೀಟು ಎಲೆಗಳು! ಅವುಗಳ ಹಿಂದೆ ಒಬ್ಬ ಅಪರಿಚಿತ.

“ಎತ್ತಿ ಅದನ್ನು,” ಎಂದಳು ಮೆಲ್ಲನೆ. “ಬಾಪ ನೋಡಿದ್ರೆ ಹೋಟೆಲಿಂದ ಹೊರಗೆ ಹಾಕ್ತಾರೆ. ಪೊಲೀಸ್ ನೋಡಿದ್ರೆ ದೇಶದಿಂದಲೇ.”

ಅವನು ಎಲೆಗಳನ್ನು ಬಾಚಿ ಜೇಬಿಗೆ ಹಾಕಿಕೊಂಡ. ಕಣ್ಣು ಮಾತ್ರ ಅವಳ ಮುಖ ಬಿಟ್ಟು ಕದಲಲಿಲ್ಲ. ಬೈಯಬೇಕಿತ್ತು... ಅವಳಿಗೆ ಬೈಯಲಾಗಲಿಲ್ಲ.

ಹೆಸರು ಇಮ್ತಿಯಾಝ್. ಎಸಿ ರಿಪೇರಿ ಕೆಲಸ. 1994ರ ಆ ಬೇಸಿಗೆಯಲ್ಲಿ, ಕೊಲ್ಲಿ ದೇಶದ ಅಲ್ ಮನ್ಸೂರಾದಲ್ಲಿದ್ದ ಅಬ್ದುಲ್ ಮಜೀದರ ಹೋಟೆಲಿಗೆ ಅವನು ಬರುತ್ತಿದ್ದದ್ದು ಮಧ್ಯಾಹ್ನದ ಗದ್ದಲ ಮುಗಿದ ಮೇಲೆಯೇ. ಮಜೀದರು ಮಹಡಿಯ ಮನೆಯಲ್ಲಿ ಮಲಗಿರುವಾಗ ಮಗಳು ಶಹನಾ ಚಹಾ ಕೊಡುವ ನೆಪದಲ್ಲಿ ಕ್ಯಾಬಿನ್ನಿಗೆ ಹೋಗುತ್ತಿದ್ದಳು. ನೆಪ ಹುಡುಕುವುದರಲ್ಲಿ ಅವಳೇನೂ ಕಡಿಮೆಯಿರಲಿಲ್ಲ.

ಮದೀನತ್ ಖಲೀಫಾದ ಒಂದು ವಿಲ್ಲಾದಲ್ಲಿ ಕದ್ದುಮುಚ್ಚಿ ಬ್ಲ್ಯಾಕ್‌ಜ್ಯಾಕ್ ಎಂಬ ಇಸ್ಪೀಟು ಜುಗಾರಿ ಆಡಿಸುತ್ತಾರೆ, ಬರುವ ಗುರುವಾರ ತಾನೂ ಅಲ್ಲಿ ಕೂರಬೇಕು ಎಂದು ಅವನೇ ಹೇಳಿದ.

“ಸಣ್ಣ ಎಲೆ ಖಾಲಿಯಾದಷ್ಟೂ ಉಳಿಯೋದು ದೊಡ್ಡದು. ಆಗ ನಮಗೆ ಒಳ್ಳೇದು. ಅದಕ್ಕೆ ಎಣಿಸ್ತಾ ಇರ್ಬೇಕು. ಎಣಿಸ್ಲಿಕ್ಕೆ ಎರಡು ಕ್ರಮ ಉಂಟು. ಯಾವುದು ಹಿಡಿಯೋದು ಅಂತ ಗೊತ್ತಾಗ್ತಾ ಇಲ್ಲ.”

ಒಂದು ಸುಲಭದ್ದು. ಸಣ್ಣ ಎಲೆಗೆ ಒಂದು ಕೂಡಿಸು; ಹತ್ತು, ರಾಜ, ರಾಣಿ, ಗುಲಾಮ, ಎಕ್ಕಕ್ಕೆ ಒಂದು ಕಳೆ; ನಡುವಿನವನ್ನು ಬಿಡು. ಇನ್ನೊಂದರಲ್ಲಿ ಎಲೆಗೊಂದು ಬೆಲೆ, ಎಕ್ಕಗಳ ಲೆಕ್ಕ ಬೇರೆ. ಹೆಚ್ಚು ಕರಾರುವಾಕ್ಕು, ಆದರೆ ಒಮ್ಮೆ ತಪ್ಪಿದರೆ ಎಲ್ಲವೂ ಹೋಯಿತು.

ಶಹನಾ ಒಂದೊಂದೇ ಎಲೆ ತಿರುಗಿಸುತ್ತ, ನಡುನಡುವೆ ಊರಿನ ಸುದ್ದಿ ಕೇಳುತ್ತ ಅವನನ್ನು ಪರೀಕ್ಷಿಸಿದಳು. ಕಷ್ಟದ್ದರಲ್ಲಿ ಪ್ರತಿ ಸಲವೂ ಎಡವಿದ. ಸುಲಭದ್ದರಲ್ಲಿ ಒಮ್ಮೆಯೂ ಇಲ್ಲ.

“ಇದೇ ಇರ್ಲಿ.”

“ನೀವು ಹೇಳಿದ್ರೆ ಮುಗೀತು.”

ಇವನಿಗೆ ಬೇಕಾದದ್ದು ನನ್ನ ಲೆಕ್ಕ ಮಾತ್ರ... ಅವಳು ಎಲೆಗಳನ್ನು ಅವನತ್ತ ತಳ್ಳಿದಳು.

“ಎಣಿಸೋದು ಅವರಿಗೆ ಗೊತ್ತಾದ್ರೆ?”

“ಹಿಂದೆ ಒಬ್ಬ ಸಿಕ್ಕಿಬಿದ್ದಿದ್ದ. ಆಮೇಲೆ ಅವನನ್ನು ಯಾರೂ ನೋಡಿಲ್ಲ.”

ಗುರುವಾರ ಸಂಜೆಯ ಮಗ್ರಿಬ್ ನಮಾಝ್ ಮುಗಿಸಿ ತಾಯಿ ಸುಬೈದಾ ಚಾಪೆಯಲ್ಲೇ ಕೂತು, ಎಷ್ಟು ಸಲವೆಂದು ಬೆರಳಲ್ಲಿ ಎಣಿಸುತ್ತ ಸ್ವಲಾತ್ ಪ್ರಾರ್ಥನೆ ಹೇಳುತ್ತಿದ್ದರು. ಹೆಬ್ಬೆರಳು ಬೆರಳುಗಳ ಗೆರೆಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಶಹನಾ ಆ ಬೆರಳನ್ನೇ ನೋಡಿದಳು.

ಇಮ್ತಿಯಾಝ್ ತಪ್ಪದೆ ಎಣಿಸುತ್ತಿದ್ದದ್ದು ಹೀಗೆಯೇ! ಸಣ್ಣ ಎಲೆಗೆ ಒಂದು ಗೆರೆ ಮೇಲೆ, ದೊಡ್ಡದಕ್ಕೆ ಒಂದು ಗೆರೆ ಕೆಳಗೆ. ವಿಲ್ಲಾದವರೂ ಇದೇ ಅಭ್ಯಾಸದಲ್ಲಿ ಬೆಳೆದವರು. ಜುಗಾರಿಯ ಮೇಜಿನಲ್ಲಿ ಯಾರೂ ಸ್ವಲಾತ್ ಹೇಳುವುದಿಲ್ಲ. ಆ ಬೆರಳು ಕಂಡರೆ ಸಾಕು, ತಿಳಿದುಹೋಗುತ್ತದೆ. ಈ ಕ್ರಮವನ್ನು ಆರಿಸಿಕೊಟ್ಟವಳು ತಾನೇ.

ಅವಳು ಮೆಟ್ಟಿಲಿಳಿದು ಓಡಿದಳು. ಹೋಟೆಲಿನ ಎದುರು ಆಗಲೇ ಕಪ್ಪು ಕಾರು ನಿಂತಿತ್ತು. ಒಳಗೆ, ಆಟಗಾರರನ್ನು ವಿಲ್ಲಾಕ್ಕೆ ಕರೆದೊಯ್ಯುವ ಸಲಾಂ ಇಮ್ತಿಯಾಝನ ಎದುರಿಗೆ ಕೂತು, ಮುಖ ಬಿಟ್ಟು ಕೈಯನ್ನೇ ನೋಡುತ್ತಿದ್ದ. ಅಂಜಿಕೆಗೆ ಇಮ್ತಿಯಾಝನ ಹೆಬ್ಬೆರಳು ಬೆರಳ ಗೆರೆಗಳ ಮೇಲೆ ತನ್ನಷ್ಟಕ್ಕೆ ಓಡುತ್ತಿತ್ತು.

“ಏನು ಎಣಿಸ್ತಾ ಇದ್ದೀ?” ಸಲಾಂ ನಗುತ್ತಲೇ ಕೇಳಿದ.

ಇಮ್ತಿಯಾಝ್ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡ.

“ಸ್ವಲಾತ್,” ಎಂದಳು ಶಹನಾ.

ಕ್ಯಾಶಿನಲ್ಲಿದ್ದ ಮಜೀದರು ತಲೆ ಎತ್ತಿದರು. ಹೇಳಿದರೆ ಮನೆಯ ಮಾನ... ಹೇಳದಿದ್ದರೆ ಇವನ ಜೀವ.

“ನನ್ನೊಟ್ಟಿಗೆ ನಿಕಾಹ್ ಆಗ್ಬೇಕು ಅಂತ ಹರಕೆ ಹೊತ್ತಿದ್ದಾರೆ. ಅದು ಮುಗಿಯುವವರೆಗೆ ಹರಾಮಿನ ಜಾಗಕ್ಕೆ ಹೋಗ್ಲಿಕ್ಕಿಲ್ಲ.”

ಸಲಾಂ ಮೂವರ ಮುಖವನ್ನೂ ನಿಧಾನವಾಗಿ ನೋಡಿದ.

“ಹರಕೆ ಒಳ್ಳೇದು,” ಎಂದು ಎದ್ದ. “ಮುಗಿದ ಮೇಲೆ ಬರ್ತೇನೆ.”

ಅವನು ಹೋಗಿ ಕಾರಿನಲ್ಲಿ ಕೂತ. ಕಾರು ಮಾತ್ರ ಹೊರಡಲಿಲ್ಲ. ದೀಪ ಆರಿಸಿಕೊಂಡು ಅಲ್ಲೇ ನಿಂತಿತು.

ಮಜೀದರು ಮಗಳ ಕಡೆ ನೋಡಲೇ ಇಲ್ಲ. “ಶಟರ್ ಎಳಿ,” ಎಂದರು ಇಮ್ತಿಯಾಝನಿಗೆ. “ನೀನು ಒಳಗೇ ಇರು. ಮಾತಾಡ್ಲಿಕ್ಕುಂಟು.” ಅಡುಗೆಮನೆಯ ಹಿಂಬಾಗಿಲಿಗೆ ಚಿಲಕ ಹಾಕಲು ಹೋದರು.

ಶಟರಿನ ಕೊಂಡಿ ಸಿಕ್ಕಿಸುತ್ತ ಇಮ್ತಿಯಾಝ್ ಪಿಸುಗುಟ್ಟಿದ: “ನನಗೋಸ್ಕರ ಅಷ್ಟು ದೊಡ್ಡ ಸುಳ್ಳು ಹೇಳಿದ್ರಿ...”

“ಸ್ವಲಾತ್ ಸುಳ್ಳು. ನಿಕಾಹ್ ನಿಮಗೆ ಬೇಡದಿದ್ರೆ ಅದೂ ಸುಳ್ಳು.”

“ಸ್ವಂತ ಅಂಗಡಿ ಇಲ್ಲದೆ ನಿಮ್ಮ ಬಾಪನ ಹತ್ರ ನಿಮ್ಮನ್ನು ಹೇಗೆ ಕೇಳೋದು? ಅದಕ್ಕೇ ಅಲ್ವಾ ನಾನು ಆ ಆಟಕ್ಕೆ ಹೊರಟದ್ದು?”

ಶಹನಾಳ ಕಣ್ಣು ತುಂಬಿತು. “ಮೊದಲೇ ಹೇಳ್ಬಾರ್ದಿತ್ತಾ?”

“ಈಗ ಹೇಳ್ತೇನೆ. ಆದ್ರೆ ಹೊರಗೆ ಕಾರು ನಿಂತುಂಟು, ಶಹನಾ.”

“ನಿಲ್ಲಲಿ. ನೀವು ಹೇಳಿ.”