ಪದ್ಮಾವತಿ ಹಿಡಿಸಿದ ಪಥ್ಯ

"ಮೊಟ್ಟೆ, ಪ್ರೋಟೀನ್ ಪೌಡರ್ ಎರಡೂ ತಗೊಳ್ತಾ ಇದ್ದೀರಲ್ಲ?" ಡಾಕ್ಟರ್ ಜಯಲತಾ ಕೇಳಿದರು.

"ದಿನಾ ತಗೋತೀನ್ರಿ ಮೇಡಂ," ಎಂದ ಅಂಬಾದಾಸ.

ಪಕ್ಕದಲ್ಲಿ ನಿಂತಿದ್ದ ಪದ್ಮಾವತಿ ತಟ್ಟನೆ ಅವನತ್ತ ತಿರುಗಿದಳು. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಅಂಬಾದಾಸನ ಕಾಲಿನ ರಕ್ತನಾಳ ಬೀಡಿಯಿಂದ ಕಟ್ಟಿಕೊಂಡು, ಬೈಪಾಸ್ ಆಪರೇಷನ್ ಆಗಿ ಇಪ್ಪತ್ತು ದಿನವಾದರೂ ಕೊಯ್ದ ಗಾಯ ಮಾಯ್ದಿರಲಿಲ್ಲ. ವಿಠ್ಠಲವಾಡಿಯ ಚಾಳಿನ ಸಾಲುಕೋಣೆಗಳಲ್ಲಿ ಎದುರು ಖೋಲಿಯ ಪದ್ಮಾವತಿಯನ್ನು ಬಿಟ್ಟರೆ ಅವನಿಗೆ ಅನ್ನ ಹಾಕುವವರಿರಲಿಲ್ಲ.

ಅವಳ ಗಂಡ ಸತ್ತದ್ದು ಕೀವು ತುಂಬಿದ ಗಾಯದಿಂದ. ಅಂದಿನಿಂದ ಅವಳದು ಒಂದೇ ಶಾಸ್ತ್ರ: ಗಾಯವಿದ್ದವರಿಗೆ ತತ್ತಿ, ಬೇಳೆ, ಬದನೆಕಾಯಿ ಎಲ್ಲವೂ ನಂಜು. ಡಾಕ್ಟರ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟು, ಪೌಡರಿನ ಡಬ್ಬಿಯನ್ನು ಕಪಾಟಿನ ಮೇಲೆ ಎತ್ತಿಟ್ಟು, ಹೊತ್ತುಹೊತ್ತಿಗೆ ಬರೀ ಗಂಜಿ ಕುಡಿಸಿದ್ದಳು.

"ರಕ್ತ ಚೆನ್ನಾಗಿ ಹರೀತಾ ಉಂಟು. ಆದ್ರೆ ಮಾಂಸ ಬೆಳೀಲಿಕ್ಕೆ ಮೈಯಲ್ಲಿ ಪ್ರೋಟೀನೇ ಇಲ್ಲ," ಡಾಕ್ಟರು ರಿಪೋರ್ಟಿನಿಂದ ತಲೆಯೆತ್ತಿದರು. "ತಿಂದೂ ಹೀಗಾದ್ರೆ ಬೇರೆ ಕಾಯಿಲೆ ಹುಡುಕಬೇಕು. ಗಾಯ ಕೂಡದೆ ಒಳಗಿನ ನಾಳಕ್ಕೆ ಸೋಂಕು ತಗಲಿದ್ರೆ ಕಾಲು ಉಳಿಸೋದು ಕಷ್ಟ."

ಅಂಬಾದಾಸ ಪದ್ಮಾವತಿಯತ್ತ ನೋಡಿದ, ಸುಮ್ಮನಿರು ಎನ್ನುವಂತೆ. ಬೇರೆ ದಿನವಾಗಿದ್ದರೆ ಆ ನೋಟಕ್ಕೆ ಅವಳು ನಾಚಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಇಂದು ಮೈಯೆಲ್ಲ ಉರಿಯಿತು.

"ಇವ ಸುಳ್ಳ ಹೇಳ್ಲತ್ತಾನ್ರಿ ಮೇಡಂ. ನಾನೇ ಕೊಟ್ಟಿಲ್ಲ. ನಂಜ ಆಗ್ತದಂತ ಬರೀ ಗಂಜಿ ಹಾಕೀನಿ."

ಡಾಕ್ಟರು ಇಬ್ಬರಿಗೂ ಚೆನ್ನಾಗಿ ಬೈದರು. ಹತ್ತು ದಿನ ಸರಿಯಾಗಿ ತಿನ್ನಿಸಿ ಕರೆತನ್ನಿ, ಆಮೇಲೆ ನೋಡುವ ಎಂದರು.

ಹೊರಗೆ ಬಂದು ಕಟ್ಟೆಯ ಮೇಲೆ ಅವನನ್ನು ಕೂರಿಸಿ ಪದ್ಮಾವತಿ ಕೇಳಿದಳು, "ನಿನಗ ಎಲ್ಲಾ ಗೊತ್ತಿತ್ತು. ಬಾಯಿ ಬಿಟ್ಟು ಯಾಕ ಕೇಳಲಿಲ್ಲ?"

"ಗಾಯ ನೋಡಿದಾಗೊಮ್ಮೆ ಅಳ್ತಿದ್ದಿ. ನಿನ್ನ ಗಂಜಿ ಬ್ಯಾಡ ಅಂದ್ರ ನೀ ಬರೂದೇ ಬಿಟ್ರ?"

"ಕಾಲು ಹೋಗ್ತಿತ್ತಲ್ಲೋ ಹುಚ್ಚಾ."

"ಕಾಲಿಗಿಂತ ನೀ ಬರೂದು ದೊಡ್ಡದಿತ್ತು ನನಗ."

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ರಸ್ತೆಬದಿಯ ಗಾಡಿಯವನಿಂದ ಬೇಯಿಸಿದ ಎರಡು ತತ್ತಿ ತಂದು ಸುಲಿಯತೊಡಗಿದಳು. ಡಾಕ್ಟರು ಎಷ್ಟು ಹೇಳಿದರೂ ತತ್ತಿ ನಂಜೆಂಬ ಹೆದರಿಕೆ ಅವಳನ್ನು ಬಿಟ್ಟಿರಲಿಲ್ಲ.

"ಇವತ್ತಿಂದ ನಿನ್ನ ಖೋಲ್ಯಾಗೇ ಇರ್ತೀನಿ. ಚಾಳಿನವ್ರು ಏನರ ಅನ್ಲಿ. ಕಾಲು ಉಳದ್ರೂ ಇರ್ತೀನಿ, ಹೋದ್ರೂ ಇರ್ತೀನಿ. ಇನ್ನ ನನಗ ಹೆದರಿ ಹೂಂ ಅನಬ್ಯಾಡ."

ಅಂಬಾದಾಸ ಬಾಯಿ ತೆರೆದ. ಅವಳು ತುತ್ತಿಟ್ಟು, ಅವನು ನುಂಗುವ ತನಕ ಕಣ್ಣು ಮುಚ್ಚಿಕೊಂಡೇ ಇದ್ದಳು.