ನೀಲಿ ಅಂಗಿಯ ಗುಂಡಿ

ಗಾಯಕಿ ಸ್ಟುಡಿಯೋ ಬಾಗಿಲು ತಳ್ಳಿಕೊಂಡು ಬಂದಾಗ ಕೋಪ ಮೂಗಿನ ತುದಿಯಲ್ಲೇ ಇತ್ತು.

"ಕಂಪನಿಗೆ ಯಾವ ಹಾಡು ಕಳಿಸಿದ್ರಿ?"

ರೆಕಾರ್ಡಿಸ್ಟ್ ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡ. "ನಿಮ್ಮದೇ."

"ನನ್ನ ತಲೆ! ನೀವು ಕಳಿಸಿರೋದು ಡಮ್ಮಿ!"

ಅವಳು ಹಾಡು ಕಟ್ಟುವುದೇ ಹಾಗೆ. ಅಜ್ಜಿ ಕಲಿಸಿದ ಹಳೆಯ ಧಾಟಿಯನ್ನು ಗಿಟಾರಿಗೆ ಕೂರಿಸುತ್ತಾಳೆ. ಮಾತು ಹೊಳೆಯುವವರೆಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ತುಂಬಿ ಹಾಡಿಡುತ್ತಾಳೆ, ಅದೇ ಡಮ್ಮಿ. ಮೊದಲ ಆಲ್ಬಂನ ಡಮ್ಮಿಗಳಲ್ಲಿ ಫ್ಯಾನು, ಚಪ್ಪಲಿ, ಅರ್ಧ ಕುಡಿದ ಟೀ ಇದ್ದವು. ಈ ಸಲ ಗಾಜಿನಾಚೆ ಕೂತವನ ನೀಲಿ ಅಂಗಿ, ಅದರಲ್ಲಿ ಒಂದೇ ದಾರಕ್ಕೆ ಜೋತುಬಿದ್ದ ಗುಂಡಿ, ಅವಳು ಶ್ರುತಿ ತಪ್ಪಿದಾಗಲೆಲ್ಲ ಅವನು ನುಂಗಿಕೊಳ್ಳುವ ನಗು. ಅಳಿಸಿಬಿಡಿ ಎನ್ನಲೂ ನಾಚಿಕೆಯಾಗಿತ್ತು.

"ಎರಡು ಫೈಲಿಗೂ ಒಂದೇ ಹೆಸರಿಟ್ಟಿದ್ದೆ, ತಪ್ಪು ನನ್ನದೇ," ಎಂದ ರೆಕಾರ್ಡಿಸ್ಟ್. "ಆದ್ರೆ ಕಂಪನಿಯವರಿಗೆ ಇದೇ ಹಿಡಿಸಿದೆ. ಬೇಡ ಅಂದ್ರೆ ಐದು ಗಂಟೆಯೊಳಗೆ ಬದಲಾಯಿಸಬಹುದು."

ಐದಕ್ಕೆ ಹತ್ತೇ ನಿಮಿಷವಿತ್ತು. ಅವಳು ಕೂತು ಬರೆದ ಹಾಡಿನಲ್ಲಿ ಚಂದ್ರನಿದ್ದ, ತಾರೆಗಳಿದ್ದವು, ಜೀವ ಮಾತ್ರ ಇರಲಿಲ್ಲ. ಮೊದಲ ಆಲ್ಬಂ ನೆಲಕಚ್ಚಿತ್ತು. ಇದೂ ಹಾಗಾದರೆ ಮತ್ತೆ ಕರೆಯುವವರಿಲ್ಲ. ಡಮ್ಮಿಯನ್ನೇ ಬಿಡುಗಡೆ ಮಾಡಿದರೆ ಅವಳ ಮನಸ್ಸಿನಲ್ಲಿರುವುದು ಊರಿಗೆಲ್ಲ ಗೊತ್ತಾಗುತ್ತದೆ. ಎಲ್ಲರಿಗಿಂತ ಮೊದಲು ಇವನಿಗೆ.

"ಕಂಪನಿಯವರು ನನಗೆ ಕಳಿಸಿದ್ದನ್ನ ಅಜ್ಜಿ ಕೇಳಿಬಿಟ್ರು. ಆ ಹುಡುಗನಿಗೆ ಗುಂಡಿ ಹೊಲಿದುಕೊಡೋರು ಯಾರೂ ಇಲ್ವೇನೇ ಅಂತಾರೆ!"

ಅವನು ನಗು ನುಂಗಲು ನೋಡಿದ, ಆಗಲಿಲ್ಲ. "ಇಲ್ಲ ಅಂತ ಹೇಳಿ."

ಆಗಲೇ ಅವಳು ಗಮನಿಸಿದ್ದು. ಇವತ್ತೂ ಅದೇ ಅಂಗಿ. ಗುಂಡಿ ಇನ್ನೂ ನೇತಾಡುತ್ತಲೇ ಇತ್ತು.

"ಹೊಲಿಯೋಕೆ ಬರಲ್ವಾ ನಿಮಗೆ?"

"ಬರುತ್ತೆ. ಸೂಜಿ ದಾರನೂ ತಂದಿಟ್ಟಿದ್ದೆ. ಅವತ್ತೇ ನೀವು ಇದನ್ನ ಹಾಡಿದ್ರಿ." ಅವನ ಕಿವಿ ಕೆಂಪಾದವು. "ಹೊಲಿದ್ರೆ ಮತ್ತೆ ನಿಮ್ಮ ಕಣ್ಣಿಗೆ ಬೀಳ್ತೀನೋ ಇಲ್ವೋ ಅಂತ ಹಾಗೇ ಬಿಟ್ಟೆ."

ಅವಳ ಕೋಪ ಯಾವಾಗ ಇಳಿಯಿತೋ ಅವಳಿಗೇ ತಿಳಿಯಲಿಲ್ಲ. ಎದೆ ಮಾತ್ರ ತಾಳ ತಪ್ಪಿತ್ತು.

ಮೇಜಿನ ಮೇಲಿನ ಫೋನ್ ರಿಂಗಾಯಿತು. ಕಂಪನಿಯವರು. ಏನು ಹೇಳಲಿ ಎನ್ನುವಂತೆ ಅವನು ಅವಳ ಮುಖ ನೋಡಿದ. ಅವಳು ತಾನೇ ಎತ್ತಿಕೊಂಡಳು.

"ಹಾಡು ಹಾಗೇ ಇರಲಿ ಸರ್. ಇಲ್ಲ, ಒಂದು ಮಾತೂ ಬದಲಾಯಿಸಬೇಡಿ."

ಫೋನ್ ಇಟ್ಟು, ಅವನ ಮುಂದೆ ಕೈ ಚಾಚಿದಳು.

"ಎಲ್ಲಿದೆ ಸೂಜಿ ದಾರ? ಕೊಡು ಇಲ್ಲಿ. ಗುಂಡಿ ಹೊಲಿದ್ರೂ ನೀನು ನನ್ನ ಕಣ್ಣಿಗೆ ಬೀಳ್ತೀಯ."